ಮನೆಯಾಳು: ಒಂದು

ತೆರಿಗೆ ಕಚೇರಿಯಲ್ಲಿ ಹನ್ನೊಂದು ಕಕ್ಕಸುಗಳಿದ್ದವು. ಹತ್ತು ಎಲ್ಲರಿಗೆ, ಒಂದು ಸಾಹೇಬರಿಗೆ. ಹನ್ನೊಂದನ್ನೂ ತೊಳೆಯುವವಳು ಒಬ್ಬಳು. ಅವಳನ್ನು ಅಲ್ಲಿ ಎಲ್ಲರೂ ಫಿನಾಯಿಲಮ್ಮ ಎನ್ನುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಬರುತ್ತಿದ್ದಳು. ಮೇಲಿನ ಮಹಡಿಯಿಂದ ಶುರು. ಉಟ್ಟಿದ್ದನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡು, ಮೂಲೆಗೆ ಆಸಿಡ್ ಸುರಿದು, ಅದು ಬುಸುಗುಟ್ಟುವಾಗ ಉಸಿರು ಬಿಗಿಹಿಡಿದು, ಬ್ರಷ್ಷು ಹಾಕಿ ಉಜ್ಜುವುದು. ಜನ ಏನೇನು ಬಿಟ್ಟುಹೋಗುತ್ತಾರೆ ಎಂಬುದನ್ನು ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಗೋಡೆಗೆ ಉಗಿದ ಕಫ. ಕೈತೊಳೆಯುವ ತೊಟ್ಟಿಯಲ್ಲಿ ಕಟ್ಟಿಕೊಂಡ ಊಟದ ಮುಸುರೆ. ಕಾಗದ ಸುತ್ತದೆ ಎಸೆದ ರಕ್ತದ ಬಟ್ಟೆ. ಸಾಹೇಬರಂತೂ ನೀರು ಬಿಡುವ ಅಭ್ಯಾಸವನ್ನೇ ಮಾಡಿಕೊಂಡವರಲ್ಲ. ಒಂದು ಗುಂಡಿ ಒತ್ತಿದರೆ ಸಾಕು. ಒತ್ತುವುದಿಲ್ಲ. ಒತ್ತುವುದಕ್ಕೆ ಅವಳಿದ್ದಾಳಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳ ಬೆರಳಿನ ಉಗುರುಗಳು ಅರ್ಧಕ್ಕೆ ಸವೆದಿದ್ದವು, ಉಳಿದರ್ಧ ಹಳದಿಯಾಗಿದ್ದವು. ಆದರೆ ಹೊಟ್ಟೆ ಒಂದು ದಿನವೂ ತೊಳಸಿದ್ದಿಲ್ಲ. ಹೇಲು ಹೇಲೇ, ಅದಕ್ಕೇನು ಮುಚ್ಚುಮರೆ ಎನ್ನುತ್ತಿದ್ದಳು.

ಆ ವರ್ಷ ಅವಳ ಬೀದಿಗೆ ಡಾಂಬರು ಬಂತು. ಡಾಂಬರಿನ ಹಿಂದೆ ಚರಂಡಿ ಬಂತು. ಚರಂಡಿಯ ಹಿಂದೆ ತೆರಿಗೆಯವರು ಬಂದು ಮನೆಗಳನ್ನು ಹೊಸದಾಗಿ ಅಳೆದು ಹೋದರು. ಎರಡು ಕೋಣೆಯ ಅವಳ ಮನೆಗೆ ತೆರಿಗೆ ಮೂರು ಪಟ್ಟಾಯಿತು. ಬೀದಿಯವರೆಲ್ಲ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ಕಚೇರಿಯ ಗಾಜಿನ ಹಲಗೆಯಲ್ಲಿ ಒಂದು ಪ್ರಕಟಣೆ ಬಿತ್ತು. ಸ್ವಂತ ಮನೆಯಲ್ಲಿ ತಾವೇ ವಾಸವಿರುವ ಮಾಲೀಕರಿಗೆ ಮುಕ್ಕಾಲು ಪಾಲು ರಿಯಾಯಿತಿ. ಅರ್ಜಿ ಹಾಕಬೇಕು, ಅಷ್ಟೇ. ಆ ಹಲಗೆಯ ಗಾಜು ಒರೆಸುವವಳೂ ಅವಳೇ ಆದ್ದರಿಂದ ಬೀದಿಯಲ್ಲಿ ಮೊದಲು ಓದಿದವಳು ಅವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಎರಡು ಸಲ ಓದಿದಳು. ನಂತರ ಕೈತೊಳೆದುಕೊಂಡು ಕೆಳಗಿನ ಕಿಟಕಿಗೆ ಹೋಗಿ, ತನಗೊಂದು ಅರ್ಜಿ ಬೇಕೆಂದಳು.

ಕಿಟಕಿಯ ಹಿಂದೆ ಕೂರುತ್ತಿದ್ದವನು ತೆರಿಗೆ ಇನ್‌ಸ್ಪೆಕ್ಟರ್. ಅರ್ಜಿ ಕೊಡುವುದು, ಮನೆಗೆ ಬಂದು ತನಿಖೆ ಮಾಡುವುದು ಎರಡೂ ಅವನದೇ ಕೆಲಸ. ಅವಳಿಗೂ ಒಂದು ಮನೆ ಇದೆಯೆನ್ನುವುದು ಅವನಿಗೆ ಅವತ್ತೇ ಗೊತ್ತಾದದ್ದು. ನಕ್ಕ. ಅರ್ಜಿಯನ್ನು ಮೇಜಿನ ಮೇಲಿಟ್ಟು ಪೆನ್ನಿನ ತುದಿಯಿಂದ ಅವಳ ಕಡೆ ತಳ್ಳಿದ.

ಮನೆಯಲ್ಲಿ ಗುಬ್ಬಿ ಕಾಯುತ್ತಿದ್ದಳು.

ಗುಬ್ಬಿ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ರಕ್ತ, ಕೀವು, ಮಲ ಮೆತ್ತಿದ ಹಾಸುಬಟ್ಟೆಗಳನ್ನು ಕುದಿಯುವ ಹಂಡೆಗೆ ಹಾಕಿ ಕೋಲಿನಿಂದ ತಿರುವುವುದು ಅವಳ ಕೆಲಸವಾಗಿತ್ತು. ಇಬ್ಬರೂ ಭೇಟಿಯಾದದ್ದು ದುಡಿಯುವ ಹೆಂಗಸರ ವಸತಿಯೊಂದರಲ್ಲಿ. ಒಬ್ಬಳ ಮೈಯಲ್ಲಿ ಫಿನಾಯಿಲಿನ ವಾಸನೆ, ಇನ್ನೊಬ್ಬಳ ಮೈಯಲ್ಲಿ ಬ್ಲೀಚಿಂಗ್ ಪುಡಿಯದು. ಉಳಿದ ಹೆಂಗಸರು ಮೂಗು ಮುಚ್ಚಿಕೊಂಡು ಮೇಲ್ವಿಚಾರಕಿಗೆ ದೂರು ಕೊಟ್ಟರು. ಅವಳು ಇಬ್ಬರನ್ನೂ ಒಟ್ಟಿಗೆ ತುದಿಯ ಕೋಣೆಗೆ ಹಾಕಿ ಕೈತೊಳೆದುಕೊಂಡಳು. ಹಾಗೆ ಶುರುವಾದದ್ದು ಅವರ ಸಂಸಾರ. ಒಬ್ಬಳಿಗೆ ಗಂಡನಿದ್ದ, ಬಿಟ್ಟುಹೋದ. ಇನ್ನೊಬ್ಬಳಿಗೆ ಸಿಗಲೇ ಇಲ್ಲ, ಅವಳು ಹುಡುಕಲೂ ಇಲ್ಲ. ಆರು ವರ್ಷ ಹೊಟ್ಟೆಬಟ್ಟೆ ಕಟ್ಟಿ ಒಂದು ಜಾಗ ಹಿಡಿದರು. ಮುಂದಿನ ಕೋಣೆ ಎದ್ದಿತು, ಮೇಲೆ ತಗಡು. ಹಿಂದಿನದಕ್ಕೆ ಪಾಯ ತೋಡಿದಾಗ ಗುಬ್ಬಿ ಆಸ್ಪತ್ರೆಯ ಸೋಪಿನ ನೀರಿನಲ್ಲಿ ಜಾರಿ ಹಂಡೆಯ ಕಟ್ಟೆಗೆ ಬಿದ್ದಳು. ಸೊಂಟ ಮುರಿಯಿತು. ಸೊಂಟದ ಕೆಳಗೆ ಜೀವ ಹಿಂತಿರುಗಲಿಲ್ಲ. ಆಸ್ಪತ್ರೆಯ ಗುತ್ತಿಗೆದಾರ ಬಾಯಿ ಮುಚ್ಚಿಸಲು ಕೊಟ್ಟ ಪರಿಹಾರದಲ್ಲಿ ಹಿಂದಿನ ಕೋಣೆಯ ಗೋಡೆಗಳು ಎದ್ದವು. ನೋಂದಣಿಯ ದಿನ ಗುಬ್ಬಿ ಪ್ಲಾಸ್ಟರಿನೊಳಗಿದ್ದಳು. ಹಾಗಾಗಿ ಕಾಗದ ಪತ್ರವೆಲ್ಲ ಅಕ್ಕನ ಹೆಸರಿಗಾಯಿತು. ಗುಬ್ಬಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದುದು. ಆಗ ಇಬ್ಬರಿಗೂ ಅದೊಂದು ದೊಡ್ಡ ಸಂಗತಿ ಎನಿಸಿರಲಿಲ್ಲ.

ಈಗ ಹದಿನಾಲ್ಕು ವರ್ಷದಿಂದ ಅಕ್ಕ ಅವಳನ್ನು ಬೆಳಿಗ್ಗೆ ಎತ್ತುತ್ತಾಳೆ, ಕಕ್ಕಸಿಗೆ ಕೂರಿಸುತ್ತಾಳೆ, ತೊಳೆಯುತ್ತಾಳೆ, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚುತ್ತಾಳೆ. ಗುಬ್ಬಿ ಕೂತಲ್ಲೇ ಅಡುಗೆ ಮಾಡುತ್ತಾಳೆ, ಕೂತಲ್ಲೇ ಹಳೆ ಬಟ್ಟೆ ಸೀಳಿ ನೆಲ ಒರೆಸುವ ಜುಂಜು ಕಟ್ಟಿ ಅಂಗಡಿಗೆ ಕಳಿಸುತ್ತಾಳೆ, ಕೂತಲ್ಲೇ ಇಡೀ ಬೀದಿಯ ಸುದ್ದಿ ಇಟ್ಟುಕೊಂಡಿರುತ್ತಾಳೆ. ನಿನ್ನ ಕಚೇರೀಲಿ ಹನ್ನೊಂದು, ಮನೇಲಿ ಹನ್ನೆರಡನೇದು ನಾನು ಎಂದು ಅವಳೇ ತಮಾಷೆ ಮಾಡುತ್ತಾಳೆ.

ಗುಬ್ಬಿಗೆ ಬರವಣಿಗೆ ಚೆನ್ನಾಗಿ ಬರುತ್ತಿತ್ತು. ವಾರ್ಡಿನ ಬಟ್ಟೆಗಳಿಗೆ ಚೀಟಿ ಬರೆದೂ ಬರೆದೂ ಅಕ್ಷರ ಮುತ್ತಿನ ಹಾಗೆ ಕೂತಿದ್ದವು. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಿದಳು. ಮನೆಯಲ್ಲಿ ವಾಸವಿರುವವರು ಎಂಬ ಕಡೆ ಇಬ್ಬರ ಹೆಸರನ್ನೂ ಬರೆದಳು. ಪಕ್ಕದಲ್ಲಿ, ಮಾಲೀಕರೊಂದಿಗೆ ಸಂಬಂಧ ಎಂದಿತ್ತು. ಅಲ್ಲಿ ಪೆನ್ನು ನಿಂತಿತು. ಒಡಹುಟ್ಟಿದವರು ಅಂತ ಬರೆದರೆ ಸುಳ್ಳಾಗುತ್ತದೆ, ನಾಳೆ ದಾಖಲೆ ಕೇಳುತ್ತಾರೆ. ಸ್ನೇಹಿತೆ ಅಂದರೆ ಪೇಟೆಗೆ ಹೋಗಿ ಐಸ್‌ಕ್ರೀಮ್ ತಿಂದು ಬರುವವರ ಹಾಗೆ ಕೇಳಿಸುತ್ತದೆ. ಇಬ್ಬರೂ ನಕ್ಕರು. ಕೊನೆಗೆ, 'ಜೊತೆಗಿರುವವಳು' ಎಂದು ಬರೆದರು. ಸತ್ಯವನ್ನೇ ಬರೆದೆವಲ್ಲ ಎಂಬ ಸಮಾಧಾನ.

ಹತ್ತು ದಿನದ ಮೇಲೆ ಇನ್‌ಸ್ಪೆಕ್ಟರ್ ತನಿಖೆಗೆ ಬಂದ. ಭಾನುವಾರ. ಅವಳು ಮನೆಯಲ್ಲೇ ಇದ್ದಳು. ಹೊಸಿಲ ಹತ್ತಿರ ಬರುವ ಮೊದಲೇ ಅವನ ಕರವಸ್ತ್ರ ಮೂಗಿಗೆ ಹೋಯಿತು. ಮನೆ ಕನ್ನಡಿಯ ಹಾಗಿತ್ತು. ಊರಿನ ಕೊಳೆ ತೊಳೆಯುವ ಹೆಂಗಸು ತನ್ನ ಮನೆಯಲ್ಲಿ ಒಂದು ಕಡ್ಡಿಯನ್ನೂ ಬೀಳಗೊಡುತ್ತಿರಲಿಲ್ಲ. ಆದರೂ ಕರವಸ್ತ್ರ ಕೆಳಗಿಳಿಯಲಿಲ್ಲ. ಕುರ್ಚಿ ಒರೆಸಿ ಕೊಟ್ಟಳು. ಕೂರಲಿಲ್ಲ. ಬೂಟು ಕಾಲಿನಲ್ಲೇ ಅಡುಗೆ ಮಾಡುವಲ್ಲಿಗೆ ಹೋದ. ಪಾತ್ರೆಗಳ ಮುಚ್ಚಳ ಎತ್ತಿ ನೋಡಿದ. ಎಷ್ಟು ಒಲೆ ಎಂದು ಕೇಳಿದ. ಒಂದು. ಟ್ರಂಕು ತೆಗೆಸಿ, ಇಬ್ಬರ ಒಳಬಟ್ಟೆಗಳನ್ನು ಪೆನ್ನಿನಿಂದಲೇ ಆಚೀಚೆ ಸರಿಸಿದ. ಎಷ್ಟು ಮಂಚ ಎಂದು ಕೇಳಿದ. ಅದೂ ಒಂದು. ರಾತ್ರಿ ಎರಡು ಸಲ ಗುಬ್ಬಿಯನ್ನು ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಅದಕ್ಕೇ ಒಂದು ಎಂದು ಅವಳು ವಿವರಿಸಿದಳು. ಅವನು ತುಟಿಯಂಚಿನಲ್ಲಿ ನಗುತ್ತ, ಇಬ್ಬರನ್ನೂ ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಂದು ಮಂಚ ಎಂದು ಬರೆದುಕೊಂಡ. ಆ ನೋಟ ಮೈಮೇಲೆ ಹುಳ ಹರಿದ ಹಾಗಿತ್ತು.

ಆಮೇಲೆ ನಿಯಮ ಓದಿದ. ರಿಯಾಯಿತಿ ಬೇಕಾದರೆ ಮನೆಯಲ್ಲಿ ಮಾಲೀಕರು, ಅವರ ರಕ್ತಸಂಬಂಧಿಗಳು, ಮದುವೆಯಿಂದ ಸಂಬಂಧಿಗಳಾದವರು ಮತ್ತು ಮನೆಯಾಳುಗಳು ಮಾತ್ರ ಇರಬೇಕು. ಬೇರೆ ಯಾರಿದ್ದರೂ ಅದು ಬಾಡಿಗೆ ಮನೆ. ಬಾಡಿಗೆ ಮನೆಗೆ ರಿಯಾಯಿತಿ ಇಲ್ಲ, ತೆರಿಗೆಯೂ ಇಮ್ಮಡಿ.

ಅವಳು ನಿಧಾನವಾಗಿ ಕೇಳಿದಳು. ಗುಬ್ಬಿ ಒಂದು ಕಾಸು ಬಾಡಿಗೆ ಕೊಡುವುದಿಲ್ಲ, ಕೊಟ್ಟೂ ಇಲ್ಲ. ಹಾಗಾದರೆ ಬಾಡಿಗೆ ಎಲ್ಲಿಂದ ಬಂತು?

"ಅದು ನನಗೆ ಗೊತ್ತಮ್ಮ," ಎಂದ ಇನ್‌ಸ್ಪೆಕ್ಟರ್. "ಅದಕ್ಕೇ ದಾರಿ ಹೇಳ್ತಿದೀನಿ. ಇವಳನ್ನ ಆಳು ಅಂತ ಬರಿ. ಅಡುಗೆ ಮಾಡ್ತಾಳೆ ತಾನೆ? ಒಂದು ಪದ. ನಾಳೆನೇ ರಿಯಾಯಿತಿ ಆಗುತ್ತೆ."

ಗುಬ್ಬಿ ಗೋಡೆಗೊರಗಿ ಕೂತು ಬಟ್ಟೆ ಸೀಳುತ್ತಿದ್ದವಳು ಕೈ ನಿಲ್ಲಿಸಿದಳು. ಅಕ್ಕ ಎದ್ದು ಹಿಂದಿನ ಗೋಡೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟಳು.

"ಈ ಗೋಡೆ ಇದ್ಯಲ್ಲ ಸ್ವಾಮಿ, ಇದು ಇವಳ ಸೊಂಟ. ಆ ನೆತ್ತಿ ಮೇಲಿನ ಚಾವಣಿ ಇವಳ ಎರಡು ಕಾಲು. ಇವಳನ್ನ ಆಳು ಅಂತ ನಾನು ಬರೆಯಲ್ಲ."

ಅವನು ಹೆಗಲು ಕುಣಿಸಿದ. ನಿನ್ನ ಇಷ್ಟ ಎಂದ. ಬಾಗಿಲಾಚೆ ಹೋಗಿ ಕರವಸ್ತ್ರ ತೆಗೆದು ಉದ್ದಕ್ಕೆ ಉಸಿರೆಳೆದುಕೊಂಡ.

ಅರ್ಜಿ ತಿರಸ್ಕಾರವಾಯಿತು. ಬಾಡಿಗೆ ಮನೆ ಎಂದು ತೆರಿಗೆ ಇಮ್ಮಡಿಸಿದ ನೋಟೀಸನ್ನು ಬಾಗಿಲಿಗೇ ಮೆತ್ತಿ ಹೋದರು. ಗೋಂದು ಎಂಥದೋ, ಕೆರೆದರೆ ಬಣ್ಣವೇ ಕಿತ್ತು ಬಂತು.

ಆ ವಾರವೇ ಅವಳು ಸಾಹೇಬರ ಕೋಣೆಯಲ್ಲಿ ಚೆಲ್ಲಿದ ಚಹಾ ಒರೆಸುತ್ತಿದ್ದಳು. ಎದುರಿನ ಕುರ್ಚಿಯಲ್ಲಿ ಒಬ್ಬ ಬಂಗಲೆಯ ಯಜಮಾನ ಕೂತಿದ್ದ. ಹದಿನಾರು ಕೋಣೆಯ ಬಂಗಲೆ. ಅವನೂ ರಿಯಾಯಿತಿಗೇ ಬಂದವನು. ಇನ್‌ಸ್ಪೆಕ್ಟರ್ ನಿಂತುಕೊಂಡು ಕಡತ ಓದುತ್ತಿದ್ದ. ವಾಸವಿರುವವರು ಯಜಮಾನ, ಅವನ ಹೆಂಡತಿ, ಆಳುಗಳು ಏಳು. ನಾಯಿ ನೋಡಿಕೊಳ್ಳುವವನನ್ನೂ ಸೇರಿಸಿದ್ದೀರಾ ಎಂದು ಸಾಹೇಬರು ಕೇಳಿದರು. ಸೇರಿಸಿದೆ, ಹಿಂದಿನ ಶೆಡ್ಡಿನಲ್ಲಿ ನಾಯಿಗಳ ಜೊತೆಗೇ ಮಲಗುತ್ತಾನೆ ಎಂದು ಯಜಮಾನ ಹೇಳಿದ. ಇಬ್ಬರೂ ನಕ್ಕರು. ಸಾಹೇಬರು ಸಹಿ ಹಾಕಿದರು. ನಿಯಮ ಸರಿಯಾಗಿದೆ, ಮನೆ ಮಂದಿ ಬಿಟ್ಟು ಬೇರೆಯವರು ಯಾರೂ ಇಲ್ಲ ಎಂದರು. ಅವಳು ಅವರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಹಿಂಡಿದಳು. ಬಟ್ಟೆಯನ್ನು ಅಷ್ಟು ಬಲವಾಗಿ ಅವಳು ಯಾವತ್ತೂ ಹಿಂಡಿರಲಿಲ್ಲ. ಇನ್ನೊಂದು ಚಹಾ ತರಿಸಿದರು.

ಮನೆಗೆ ಹೋಗಿ ಇದನ್ನೆಲ್ಲ ಗುಬ್ಬಿಗೆ ಹೇಳಿದಳು. ಹೇಳಬಾರದಿತ್ತೇನೋ. ಕಂತು ಕಟ್ಟಲು ಸಂಜೆಯ ಹೊತ್ತು ಒಂದು ಮದ್ಯದಂಗಡಿಯ ಕಕ್ಕಸು ತೊಳೆಯಲು ಒಪ್ಪಿಕೊಂಡಿದ್ದೇನೆ ಎಂದೂ ಹೇಳಿದಳು. ಗುಬ್ಬಿ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೂ ಸಣ್ಣಗೆ ಸೀಳುತ್ತ ಹೋದಳು.

ಒಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ಅವಳನ್ನು ಕಿಟಕಿಗೆ ಕರೆದು ಒಂದು ಲಕೋಟೆ ಕೊಟ್ಟ. ಕೊನೆಗೂ ಬುದ್ಧಿ ಬಂತಲ್ಲ, ಸಂತೋಷ ಎಂದ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಬಕೆಟ್ಟಿನ ಪಕ್ಕ ಕೂತು ಒಡೆದಳು. ಅಕ್ಷರ ಕೂಡಿಸಿದಳು. ರಿಯಾಯಿತಿ ಮಂಜೂರಾಗಿದೆ. ಕೆಳಗೆ ಎರಡು ಸಾಲು.

ಮಾಲೀಕರು: ಒಬ್ಬರು.

ಮನೆಯಾಳು: ಒಂದು.

ಒಂದು. ಕೋಣೆ ಎರಡು, ಒಲೆ ಒಂದು, ಮಂಚ ಒಂದು, ಮನೆಯಾಳು ಒಂದು. ಮತ್ತೊಮ್ಮೆ ಓದಿದಳು. ಓಡಿದಳು. ಅರ್ಧ ಗಂಟೆಯ ಹಿಂದೆ ತಾನೇ ತೊಳೆದು ಬಿಳಿ ಮಾಡಿದ್ದ ಕಕ್ಕಸಿನಲ್ಲಿ ಮಂಡಿಯೂರಿ ವಾಂತಿ ಮಾಡಿದಳು. ಬೆಳಗಿನ ಗಂಜಿ, ಆಮೇಲೆ ಹಳದಿ ನೀರು, ಆಮೇಲೆ ಬರಿ ಗಾಳಿ. ಮುಖ ಒರೆಸಿಕೊಂಡು, ಆಸಿಡ್ ತಂದು, ಅದನ್ನು ಮತ್ತೆ ತೊಳೆದಳು.

ಮನೆಗೆ ಬಂದು ಕಾಗದವನ್ನು ಗುಬ್ಬಿಯ ಮುಂದೆ ಎಸೆದಳು. ಗುಬ್ಬಿ ತಲೆಯೆತ್ತಲಿಲ್ಲ. ಹೌದು, ನಾನೇ ಬರೆದುಕೊಟ್ಟೆ ಎಂದಳು. ತಾನೇ ಹೇಳಿಕಳಿಸಿ ಇನ್‌ಸ್ಪೆಕ್ಟರನನ್ನು ಕರೆಸಿದ್ದಳು. ಅರ್ಜಿಯಲ್ಲಿ ಜೊತೆಗಿರುವವಳು ಎಂದು ತಪ್ಪಾಗಿ ಬರೆದಿದೆ, ನಾನು ಈ ಮನೆಯ ಆಳು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಮಾಡಿದ್ದಳು.

ಅಕ್ಕ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ನಾಚಿಕೆಗೆಟ್ಟವಳೇ ಅಂದಳು. ನನ್ನನ್ನು ಯಜಮಾನಿ ಮಾಡಿ ಕೂರಿಸಿದೆಯಲ್ಲ, ನಿನ್ನ ಕೈಯಲ್ಲಿ ಉಂಡ ಅನ್ನವೆಲ್ಲ ಇವತ್ತು ಹೊರಗೆ ಬಂತು ಅಂದಳು. ಗುಬ್ಬಿಯೂ ಬಿಡಲಿಲ್ಲ.

"ಇಪ್ಪತ್ತು ವರ್ಷ ಆಳಾಗೇ ಇದ್ದೆ, ಕಂಡೋರ ಹೇಲು ಕುದಿಸಿದೆ. ಆವಾಗ ಹೋಗದ ಮಾನ ಈಗ ಒಂದು ಕಾಗದದಲ್ಲಿ ಹೋಗುತ್ತಾ? ನನಗೋಸ್ಕರ ನೀನು ಕುಡುಕರ ಮೂತ್ರ ತೊಳೆಯೋಕೆ ಹೋಗ್ತೀಯ. ನಾನು ನನ್ನ ಹೆಸರು ಕೆಡಿಸಿಕೊಂಡರೆ ನಿನಗೇನು? ಅದು ನನ್ನ ಹೆಸರು."

ಎರಡು ದಿನ ಮಾತಿಲ್ಲ. ಮಾತಿಲ್ಲದಿದ್ದರೂ ಎತ್ತಬೇಕು, ತೊಳೆಯಬೇಕು, ಎಣ್ಣೆ ಹಚ್ಚಬೇಕು. ಇಬ್ಬರೂ ಮುಖ ಬೇರೆ ಬೇರೆ ಕಡೆ ತಿರುಗಿಸಿಕೊಂಡೇ ಎಲ್ಲ ಮಾಡಿದರು. ಮೂರನೆಯ ದಿನ ಬೆಳಿಗ್ಗೆ, ಅಕ್ಕ ಬೆನ್ನಿಗೆ ಎಣ್ಣೆ ಹಚ್ಚುವಾಗ, ಗುಬ್ಬಿಯ ಮೊಣಕೈ ಎರಡೂ ತರಚಿರುವುದು ಕಂಡಿತು. ಗಾಯ ಹಳೆಯದು, ಹಕ್ಕಳೆ ಕಟ್ಟಿತ್ತು. ಇಷ್ಟು ದಿನ ಉದ್ದ ತೋಳಿನ ಬಟ್ಟೆಯಲ್ಲಿ ಮುಚ್ಚಿಟ್ಟಿದ್ದಳು. ಏನಿದು ಎಂದು ಅಕ್ಕ ಕೇಳಿದಳು. ಗುಬ್ಬಿ ಗೋಡೆ ನೋಡಿಕೊಂಡು ಹೇಳಿದಳು.

ಬರೆದುಕೊಟ್ಟರೆ ಸಾಲದು, ಆಳು ಎನ್ನುವುದಕ್ಕೆ ಸಾಕ್ಷಿ ಬೇಕು ಎಂದಿದ್ದ ಇನ್‌ಸ್ಪೆಕ್ಟರ್. ಕೆಲಸ ಮಾಡುತ್ತಿರುವ ಒಂದು ಫೋಟೋ. ಕೂತು ತರಕಾರಿ ಹೆಚ್ಚುತ್ತೇನೆ ಎಂದಳಂತೆ. ಅದು ಎಲ್ಲರೂ ಮಾಡುತ್ತಾರೆ, ಮನೆಯವರೂ ಮಾಡುತ್ತಾರೆ, ಆಳು ಅಂದರೆ ಪೊರಕೆ ಇರಬೇಕು ಎಂದನಂತೆ. ಪೊರಕೆ ಬಾಗಿಲ ಮೂಲೆಯಲ್ಲಿತ್ತು. ತಂದುಕೊಡಿ ಎಂದಳು. ತಾನು ಮುಟ್ಟುವುದಿಲ್ಲ ಎಂದ. ಎರಡು ಮೊಣಕೈ ಊರಿ, ಸತ್ತ ಕಾಲುಗಳನ್ನು ಹಿಂದೆ ಎಳೆದುಕೊಂಡು, ಆ ಕೋಣೆಯಿಂದ ಈ ಕೋಣೆಗೆ ತೆವಳಿ ಪೊರಕೆ ಹಿಡಿದಳು. ಅವನು ಮೂರು ಫೋಟೋ ತೆಗೆದು ಒಂದನ್ನು ಉಳಿಸಿಕೊಂಡ. ಮೊದಲನೆಯದರಲ್ಲಿ ಅವಮಾನ ಮುಚ್ಚಿಕೊಳ್ಳಲು ಅವಳು ಕೊಂಚ ನಕ್ಕಿದ್ದಳು.

"ನಗಬೇಡ ಅಂದ," ಎಂದಳು ಗುಬ್ಬಿ. "ಆಳಿನ ಹಾಗೆ ಕಾಣಲ್ಲ ಅಂದ."

ಅಕ್ಕನ ಎಣ್ಣೆಗೈ ಅವಳ ಬೆನ್ನಿನ ಮೇಲೆ ಹಾಗೇ ನಿಂತಿತ್ತು. ಆಮೇಲೆ ಗುಬ್ಬಿಯೇ, ಕಾಗದ ಹೋದರೆ ಹೋಗಲಿ, ಆ ಫೋಟೋ ಅವನ ಹತ್ತಿರ ಇರುವುದು ಬೇಡ ಎಂದಳು. ಅವತ್ತಿನಿಂದ ಮುಚ್ಚಿದ ಕಣ್ಣಲ್ಲೂ ಅದೇ ಕಾಣುತ್ತಿದೆ ಎಂದಳು.

"ಹೋಗೋಣ," ಎಂದಳು ಅಕ್ಕ.

ಅಂದು ಅವಳು ಆರಕ್ಕೆ ಹೋಗಲಿಲ್ಲ. ಹನ್ನೊಂದಕ್ಕೆ, ಕಚೇರಿ ತುಂಬಿದ ಹೊತ್ತಿಗೆ, ಗುಬ್ಬಿಯನ್ನು ಪಕ್ಕದ ಮನೆಯವನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದಳು. ಬಾಗಿಲಲ್ಲಿ ಕಾವಲುಗಾರ ತಡೆದು, ಇವತ್ತು ಕಕ್ಕಸು ಯಾರು ತೊಳೆಯುತ್ತಾರೆ, ಒಳಗೆ ಹೋಗಲಾಗುತ್ತಿಲ್ಲ, ಎಲ್ಲರೂ ಬೈಯುತ್ತಿದ್ದಾರೆ ಎಂದ. ಅವಳು ತಳ್ಳುಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಲಿಫ್ಟಿನ ಒಳಗಿನ ಕನ್ನಡಿಯನ್ನು ದಿನಾ ಒರೆಸುತ್ತಿದ್ದವಳು ಅವಳು, ಆದರೆ ಅದರಲ್ಲಿ ಹತ್ತುವುದಕ್ಕೆ ಅವಳಿಗೆ ಅಪ್ಪಣೆ ಇರಲಿಲ್ಲ. ಕೇಳಲೂ ಇಲ್ಲ. ಗುಬ್ಬಿಯನ್ನು ಬೆನ್ನಿಗೆ ಹಾಕಿಕೊಂಡಳು. ಗುಬ್ಬಿ ಕುತ್ತಿಗೆ ತಬ್ಬಿಕೊಂಡಳು. ಎರಡು ಸತ್ತ ಕಾಲುಗಳು ಇಕ್ಕೆಲದಲ್ಲಿ ತೂಗುತ್ತಿದ್ದವು. ಮೂರು ಮಹಡಿ, ಅರವತ್ತೆರಡು ಮೆಟ್ಟಿಲು. ಮೆಟ್ಟಿಲ ಮೇಲಿದ್ದ ಜನ ಗೋಡೆಗೆ ಒತ್ತಿ ದಾರಿ ಬಿಟ್ಟರು, ಬಟ್ಟೆ ತಾಗದ ಹಾಗೆ. ಬಾಯಲ್ಲಿ ಉಪ್ಪಿನ ರುಚಿ ಬಂತು. ನಿಲ್ಲಲಿಲ್ಲ.

ಸಾಹೇಬರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿ, ಸಂದರ್ಶಕರ ಮೆತ್ತನೆ ಕುರ್ಚಿಯಲ್ಲಿ ಗುಬ್ಬಿಯನ್ನು ಕೂರಿಸಿದಳು. ಇಪ್ಪತ್ತಾರು ವರ್ಷ ಆ ಕುರ್ಚಿಯ ಧೂಳು ಹೊಡೆದಿದ್ದಳು, ಅದು ಅಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಸಾಹೇಬರು ಕುರ್ಚಿಯನ್ನು ನೋಡಿದರು, ಗುಬ್ಬಿಯನ್ನು ನೋಡಿದರು, ಮೇಜಿನ ಮೇಲಿದ್ದ ಸೀಸೆಯಿಂದ ಅಂಗೈಗೆ ಔಷಧಿ ಹಿಂಡಿಕೊಂಡು ಉಜ್ಜಿಕೊಂಡರು. ಇನ್‌ಸ್ಪೆಕ್ಟರನನ್ನು ಕರೆಸಿದರು. ಅವನು ಕಡತ ಹಿಡಿದುಕೊಂಡು ಬಂದ.

ಅಕ್ಕ ಮಂಜೂರಾತಿ ಕಾಗದವನ್ನು ಮೇಜಿನ ಮೇಲಿಟ್ಟು, ಇದು ನಮಗೆ ಬೇಡ, ರದ್ದು ಮಾಡಿ ಎಂದಳು. ಸಾಹೇಬರಿಗೆ ಅರ್ಥವಾಗಲಿಲ್ಲ. ರಿಯಾಯಿತಿ ಕೊಡಿ ಎಂದು ಕಾಲು ಹಿಡಿದವರನ್ನು ಕಂಡಿದ್ದೇನೆ, ಕೊಟ್ಟದ್ದನ್ನು ವಾಪಸು ತಂದವರನ್ನು ಕಂಡಿಲ್ಲ ಎಂದರು. ಇಮ್ಮಡಿ ಕಟ್ಟಬೇಕಾಗುತ್ತದೆ, ತಿಳಿದಿದೆಯಾ ಎಂದರು. ತಿಳಿದಿದೆ ಎಂದಳು. ಕಟ್ಟದಿದ್ದರೆ ಮನೆ ಹರಾಜಿಗೆ ಬರುತ್ತದೆ ಎಂದರು. ಅದೂ ತಿಳಿದಿದೆ ಎಂದಳು. ಮತ್ತೆ ಏನು ನಿನ್ನ ತೊಂದರೆ ಎಂದರು.

ಉತ್ತರ ಕೊಟ್ಟವಳು ಗುಬ್ಬಿ.

"ಏಳು ಆಳಿನ ಬಂಗಲೆ ನಿಮ್ಮ ಲೆಕ್ಕದಲ್ಲಿ ಒಂದು ಸಂಸಾರ. ನಾಯಿ ಜೊತೆ ಮಲಗೋನು ಮನೆ ಮಂದಿ. ಹದಿನಾಲ್ಕು ವರ್ಷ ನನ್ನ ಮಲ ಬಳಿದವಳಿಗೆ ನಾನು ಏನೂ ಅಲ್ಲ, ಇಲ್ಲಾಂದ್ರೆ ಆಳು. ಸುಳ್ಳು ಬರೆದದ್ದು ನಾನೇ, ತಪ್ಪು ನನ್ನದೂ ಇದೆ. ಆದರೆ ಆ ಸುಳ್ಳಿಗೆ ನನ್ನ ತೆವಳಿಸಿ ಫೋಟೋ ತೆಗೆದವನು ಇವನು. ಅದನ್ನ ಕೊಡಿ."

ಸಾಹೇಬರು ಇನ್‌ಸ್ಪೆಕ್ಟರನ ಮುಖ ನೋಡಿದರು. ಅವನು ದಾಖಲೆಗಾಗಿ ಎಂದು ತೊದಲಿದ. ಕಡತ ಮೇಜಿನ ಅಂಚಿನಲ್ಲಿತ್ತು. ಗುಬ್ಬಿ ಕೈಚಾಚಿ ಎಳೆದುಕೊಂಡಳು. ಹಂಡೆ ತಿರುವಿದ ಕೈ, ಯಾರೂ ಬಿಡಿಸಿಕೊಳ್ಳಲಾಗಲಿಲ್ಲ. ಹಾಳೆ ತಿರುವಿ, ಪಿನ್ನು ಹಾಕಿದ್ದ ಫೋಟೋ ಕಿತ್ತಳು. ನೆಲದ ಮಟ್ಟದಲ್ಲಿ ಅವಳ ಮುಖ, ಕೈಯಲ್ಲಿ ಪೊರಕೆ, ಹಿಂದೆ ಎರಡು ಕಾಲುಗಳು ಬಿಸಾಡಿದ ಬಟ್ಟೆಯ ಹಾಗೆ. ಅದನ್ನು ಅವಳು ಸಾಹೇಬರ ಕಣ್ಣ ಮುಂದೆ ಹಿಡಿದಳು. ನೋಡಿ ಎಂದಳು. ಅವರು ನೋಡಲಿಲ್ಲ. ಕಿಟಕಿಯ ಕಡೆ ತಿರುಗಿದರು. ನೋಡಿ ಸಹಿ ಹಾಕಿದ್ದು ನೀವೇ ಅಲ್ಲವಾ, ಈಗಲೂ ನೋಡಿ ಎಂದಳು. ಅವರು ತಿರುಗಲಿಲ್ಲ. ಅವಳು ಅದನ್ನು ನಾಲ್ಕು ಚೂರು ಮಾಡಿ ಮುಷ್ಟಿಯಲ್ಲಿ ಬಿಗಿಹಿಡಿದಳು.

ಸಾಹೇಬರು ಮಂಜೂರಾತಿಯ ಮೇಲೆ ಅಡ್ಡಗೆರೆ ಎಳೆದು, ಅರ್ಜಿದಾರರೇ ನಿರಾಕರಿಸಿದ್ದರಿಂದ ರದ್ದು ಎಂದು ಬರೆದರು. ಬರೆದು, ಮೂಗು ಸಿಂಡರಿಸಿ, ಅಕ್ಕನ ಕಡೆ ನೋಡದೆಯೇ ಅವಳಿಗೆ ಹೇಳಿದರು.

"ಇವಳನ್ನ ಕೆಳಗಿಳಿಸಿ ಬಾ. ಕುರ್ಚಿ ಒರೆಸು. ನನ್ನ ಬಾತ್‌ರೂಮು ಬೆಳಿಗ್ಗೆಯಿಂದ ಹಾಗೇ ಇದೆ, ನಾರುತ್ತಿದೆ."

ಸಾಹೇಬರ ಕಕ್ಕಸಿನ ಬಾಗಿಲು ಅರೆ ತೆರೆದಿತ್ತು. ಅಲ್ಲಿಂದ ಬರುತ್ತಿದ್ದ ನಾತ ಅವಳ ಮೂಗಿಗೂ ಬಿತ್ತು. ಇಷ್ಟು ವರ್ಷ ಆ ನಾತ ತನ್ನ ಮೈಯದು ಎಂಬಂತೆ ಇವರೆಲ್ಲರಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ಅಸಹ್ಯ ಉಕ್ಕಿ ಬಂತು, ಆದರೆ ಈ ಸಲ ವಾಂತಿಯಾಗಲಿಲ್ಲ, ಮಾತಾಯಿತು.

"ಅದು ನಿಮ್ಮದು," ಎಂದಳು. "ಗುಂಡಿ ಗೋಡೆ ಮೇಲಿದೆ. ಒತ್ತಿ."

ಬಗ್ಗಿ ಗುಬ್ಬಿಯನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ಬಂದಳು. ಹಿಂದಿನಿಂದ ಸಾಹೇಬರು ಏನೋ ಕೂಗುತ್ತಿದ್ದರು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಪ್ರತಿ ಮಹಡಿಯಲ್ಲೂ ಕಕ್ಕಸಿನ ಬಾಗಿಲ ಮುಂದೆ ಜನ ಮೂಗು ಹಿಡಿದು ನಿಂತಿದ್ದರು. ಯಾರೂ ಒಳಗೆ ಹೋಗುತ್ತಿರಲಿಲ್ಲ. ಗುಬ್ಬಿ ಅವಳ ಕಿವಿಯಲ್ಲಿ, ಇಲ್ಲಿಂದ ಎಲ್ಲರ ಬೋಳುತಲೆ ಚೆನ್ನಾಗಿ ಕಾಣುತ್ತದೆ, ಬೇಗ ಇಳಿಸಬೇಡ ಎಂದಳು. ಅಕ್ಕನಿಗೆ ನಗುವುದಕ್ಕೆ ಉಸಿರಿರಲಿಲ್ಲ.

ಕೆಲಸ ಹೋಯಿತು. ಕಚೇರಿಯ ಸಫಾಯಿ ಗುತ್ತಿಗೆಯವನು ನಾಳೆಯಿಂದ ಬರಬೇಡ ಎಂದು ಸಂಜೆಯೇ ಹೇಳಿಕಳಿಸಿದ. ಈಗ ಅವಳು ಬೆಳಿಗ್ಗೆ ಬಸ್ಸು ತೊಳೆಯುತ್ತಾಳೆ, ಸಂಜೆ ಮದ್ಯದಂಗಡಿಯ ಕಕ್ಕಸು. ಇಮ್ಮಡಿ ತೆರಿಗೆಯನ್ನು ಕಂತಿನಲ್ಲಿ ಕಟ್ಟುತ್ತಿದ್ದಾರೆ. ಕಚೇರಿಯ ಪುಸ್ತಕದಲ್ಲಿ ಗುಬ್ಬಿಯನ್ನು ಬಾಡಿಗೆದಾರಳು ಎಂದು ಬರೆದಿದ್ದಾರೆ. ಸದ್ಯ, ಬಾಡಿಗೆದಾರಳಾದರೆ ಮನೆ ಯಜಮಾನಿಯ ಜೊತೆ ದಿನಾ ಜಗಳ ಆಡಬಹುದು ಎನ್ನುತ್ತಾಳೆ ಅವಳು. ಆಡುತ್ತಲೂ ಇದ್ದಾಳೆ.

ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ಆಳು ಎಂದು ಬರೆದವರು ಗುಬ್ಬಿ ಒಬ್ಬಳೇ ಅಲ್ಲ ಎಂಬುದು ಆಗ ಗೊತ್ತಾಯಿತು. ಒಬ್ಬ ಮುದುಕ ತನ್ನನ್ನು ಸಾಕಿದ ಗೆಳೆಯನನ್ನು ಆಳು ಎಂದು ಬರೆದಿದ್ದ. ಒಬ್ಬ ತರಕಾರಿಯವಳು, ತಬ್ಬಲಿಯಾಗಿ ಬಂದ ಹೆಣ್ಣುಮಗುವನ್ನು ಎದೆಗವಚಿಕೊಂಡು ಸಾಕಿದವಳು, ಆ ಮಗಳನ್ನೇ ಆಳು ಎಂದು ಬರೆದಿದ್ದಳು. ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಬಂದರು. ತಮ್ಮದನ್ನೂ ವಾಪಸು ಮಾಡುವ ಅರ್ಜಿ ಬರೆದುಕೊಡು ಎಂದರು. ಎಲ್ಲರೂ ಸೇರಿ ಒಟ್ಟಿಗೆ ಹೋಗಿ ಕೊಟ್ಟರೆ ನಿಯಮವೇ ಬದಲಾದೀತು ಎಂದು ಕೆಲವರು, ಏನೂ ಆಗುವುದಿಲ್ಲ ಎಂದು ಕೆಲವರು. ಗುಬ್ಬಿ ಗೋಡೆಗೊರಗಿ ಕೂತು ಬರೆದಳು.

ಮೊನ್ನೆ ಒಬ್ಬ ಗಾರೆ ಕೆಲಸದವನು ಬಂದಿದ್ದ. ಜೊತೆಯಲ್ಲಿ ಒಬ್ಬ ಹೆಂಗಸು, ಹೊಸಿಲಾಚೆಯೇ ನಿಂತಿದ್ದಳು. ಹತ್ತೊಂಬತ್ತು ವರ್ಷದಿಂದ ಒಂದೇ ಮನೆ, ಇಬ್ಬರು ಮಕ್ಕಳು, ಮದುವೆಯ ಕಾಗದ ಮಾತ್ರ ಇಲ್ಲ. ರಿಯಾಯಿತಿಯ ಆಸೆಗೆ ಅವಳನ್ನು ಆಳು ಎಂದು ಬರೆಸಿದ್ದ. ಗುಬ್ಬಿ ಹೆಂಗಸನ್ನು ಒಳಗೆ ಕರೆದು ಕೂರಿಸಿ, ನಿನ್ನನ್ನು ಏನೆಂದು ಬರೆಯಲಿ ಎಂದು ಅವಳನ್ನೇ ಕೇಳಿದಳು. ಗಾರೆಯವನು ಏನೋ ಹೇಳಲು ಬಾಯಿ ತೆರೆದ.

"ನೀನು ಸುಮ್ನಿರು," ಎಂದಳು ಹೆಂಗಸು. "ಹೋದ ಸಲ ನೀನು ಹೇಳಿದ್ದನ್ನೇ ಬರೆದದ್ದು." ಗುಬ್ಬಿಯ ಕಡೆ ತಿರುಗಿದಳು. "ಮನೆಯವಳು ಅಂತ ಬರಿ, ತಾಯಿ. ದಪ್ಪ ಅಕ್ಷರದಲ್ಲಿ ಬರಿ."